ಮಾತು ಕಳೆದುಕೊಂಡ ಆಲಿಸ್

ಬಾನುಲಿಯ ಮುಂದೆ ಕುಳಿತು ಮೂಕಿ ಚಿತ್ರವೊಂದನ್ನು ಕುರಿತು ಮಾತನಾಡಹೊರಡುವುದು ಸ್ವಲ್ಪ ವಿಚಿತ್ರವಾದ ಸಾಹಸವೇ ಸರಿ. ಬಾನುಲಿಗೆ ಮಾತುಂಟು, ನೋಟವಿಲ್ಲ; ಮೂಕಿ ಚಿತ್ರಕ್ಕೆ ನೋಟವುಂಟು, ಮಾತಿಲ್ಲ. ಕುರುಡನ ಹೆಗಲೇರಿ ಕುಂಟನು ದಾರಿ ತೋರಿಸುತ್ತ, ಇಬ್ಬರೂ ಕೂಡಿ ಊರು ಸೇರಿದರೆಂದು ನಮ್ಮ ಹಿರಿಯರು ಹೇಳುವ ಅಂಧಪಂಗುನ್ಯಾಯ ಇಲ್ಲಿ ನೆನಪಾಗುತ್ತದೆ. ಕೇಳುಗರು ಒಂದಿಷ್ಟು ಕಲ್ಪನೆಯ ಕಣ್ಣನ್ನು ಕಡವಾಗಿ ಕೊಟ್ಟರೆ ನಾವೂ ಹಾಗೆ ಊರು ಸೇರಬಹುದು.

ನಾನು ಹೇಳಹೊರಟಿರುವುದು ಇಂಗ್ಲೆಂಡಿನಲ್ಲಿ 1903ರಲ್ಲಿ ತಯಾರಾದ ಹನ್ನೆರಡು ನಿಮಿಷದ ಒಂದು ಪುಟ್ಟ ಚಿತ್ರದ ಕಥೆ. ಹೆಸರು ‘ಆಲಿಸ್ ಇನ್ ವಂಡರ್‌ಲ್ಯಾಂಡ್’. ಲೂಯಿಸ್ ಕ್ಯಾರಲ್‌ನ ಆ ಪ್ರಸಿದ್ಧ ಕಾದಂಬರಿ ಮೊಟ್ಟಮೊದಲ ಬಾರಿಗೆ ಬೆಳ್ಳಿತೆರೆಗೆ ಬಂದದ್ದು ಈ ಚಿತ್ರದಲ್ಲಿ. ಬೆಳ್ಳಿತೆರೆ ಎಂಬ ಮಾತನ್ನು ಈಗ ಸಲೀಸಾಗಿ ಆಡಿಬಿಟ್ಟೆ. ಬೆಳ್ಳಿಯ ಮಾತಿಗೆ ಇದೇ ಕಥೆಯಲ್ಲಿ ಮತ್ತೊಮ್ಮೆ, ಅಷ್ಟು ಹಿತವಲ್ಲದ ರೀತಿಯಲ್ಲಿ ಬರಬೇಕಾಗಿದೆ.

ಮೊದಲು ಪುಸ್ತಕದ ಹುಟ್ಟನ್ನು ನೆನೆಯೋಣ. 1862ರ ಜುಲೈ 4ರಂದು ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಚಾರ್ಲ್ಸ್ ಲಟ್ವಿಜ್ ಡಾಡ್ಜ್‌ಸನ್ ಎಂಬಾತ ಒಬ್ಬ ಮಿತ್ರನೊಡನೆ, ಕಾಲೇಜಿನ ಮುಖ್ಯಸ್ಥರಾಗಿದ್ದ ಲಿಡೆಲ್ ಅವರ ಮೂವರು ಹೆಣ್ಣುಮಕ್ಕಳನ್ನು ದೋಣಿಯಲ್ಲಿ ಕೂರಿಸಿಕೊಂಡು ಥೇಮ್ಸ್ ನದಿಯಲ್ಲಿ ಹೊರಟ. ಹೊತ್ತು ಹೋಗಲೆಂದು ಅವನು ಹೇಳಿದ ಕಥೆಯಲ್ಲಿ ಆ ಮೂವರಲ್ಲಿ ನಡುವಿನವಳಾದ, ಹತ್ತು ವರ್ಷದ ಆಲಿಸಳೇ ನಾಯಕಿ. ಅದನ್ನು ಬರೆದುಕೊಡೆಂದು ಅವಳು ಹಟ ಹಿಡಿದಳು. 1864ರ ನವೆಂಬರಿನಲ್ಲಿ ಅವನು ತನ್ನ ಕೈಬರಹದಲ್ಲೇ ಬರೆದು, ತಾನೇ ಚಿತ್ರಗಳನ್ನೂ ಬಿಡಿಸಿ, ಆ ಹಸ್ತಪ್ರತಿಯನ್ನು ಹುಡುಗಿಗೆ ಕಾಣಿಕೆಯಾಗಿ ಕೊಟ್ಟ. ಮಾರನೆಯ ವರ್ಷ, 1865ರಲ್ಲಿ, ಕಥೆ ಇನ್ನಷ್ಟು ಬೆಳೆದು ಅಚ್ಚಾಯಿತು. ಗಣಿತದ ಡಾಡ್ಜ್‌ಸನ್ ಲೋಕಕ್ಕೆ ಲೂಯಿಸ್ ಕ್ಯಾರಲ್ ಆದ.

ಅಚ್ಚಾದ ಪುಸ್ತಕದಲ್ಲಿ ಕ್ಯಾರಲ್‌ನ ಚಿತ್ರಗಳಿರಲಿಲ್ಲ. ‘ಪಂಚ್’ ಪತ್ರಿಕೆಯ ಖ್ಯಾತ ವ್ಯಂಗ್ಯಚಿತ್ರಕಾರ ಜಾನ್ ಟೆನಿಯಲ್ ಬಿಡಿಸಿಕೊಟ್ಟ 42 ಚಿತ್ರಗಳಿದ್ದವು. ಟೆನಿಯಲ್‌ನ ಒಂದು ಕಣ್ಣು ಎಳೆಯ ವಯಸ್ಸಿನಲ್ಲೇ ಕತ್ತಿವರಸೆಯ ಅಭ್ಯಾಸದಲ್ಲಿ ಪೆಟ್ಟು ತಿಂದು ನಷ್ಟವಾಗಿತ್ತು. ಉಳಿದ ಒಂದೇ ಕಣ್ಣಿನಿಂದ ಅವನು ನೋಡಿದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಎದುರಿಗೆ ಮಾದರಿಯಿಲ್ಲದೆ, ನೆನಪಿನಿಂದಲೇ ಚಿತ್ರ ಬರೆಯುತ್ತಿದ್ದ. ಮೊದಲ ಮುದ್ರಣದ ಎರಡು ಸಾವಿರ ಪ್ರತಿಗಳಲ್ಲಿ ಚಿತ್ರಗಳು ಸರಿಯಾಗಿ ಮೂಡಿಲ್ಲವೆಂದು ಅವನು ಅಸಮಾಧಾನ ಸೂಚಿಸಿದಾಗ, ಕ್ಯಾರಲ್ ನಷ್ಟವನ್ನು ಲೆಕ್ಕಿಸದೆ ಆ ಮುದ್ರಣವನ್ನೇ ಹಿಂದಕ್ಕೆ ಪಡೆದು ಪುಸ್ತಕವನ್ನು ಮತ್ತೆ ಅಚ್ಚು ಹಾಕಿಸಿದ. ಈ ಕೃತಿಯಲ್ಲಿ ಚಿತ್ರಕ್ಕೂ ಮಾತಿಗೂ ಸಮಾನವಾದ ಪೀಠವಿದೆಯೆಂಬುದು ಅದರ ಕರ್ತೃವಿಗೇ ಗೊತ್ತಿತ್ತು. ಕಥೆ ಮೊದಲಾಗುವುದೂ ಹಾಗೆಯೇ: ಅಕ್ಕನ ಕೈಯಲ್ಲಿರುವ ಪುಸ್ತಕದಲ್ಲಿ ಚಿತ್ರವೂ ಇಲ್ಲ, ಸಂಭಾಷಣೆಯೂ ಇಲ್ಲವೆಂದು ಕಂಡು ಆಲಿಸಳಿಗೆ ಬೇಸರ ಬರುತ್ತದೆ.

ಆದರೂ ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಈ ಪುಸ್ತಕವನ್ನು ಮಾತಿನ ಪುಸ್ತಕವೆಂದೇ ಓದಿದವರು. ನಾನು ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದೆ. ಆಲಿಸಳ ಕಥೆಯ ಪ್ರಸ್ತಾಪ ಬಂದಾಗಲೆಲ್ಲ ಒಂದೇ ಮಾತನ್ನು ಒತ್ತಿ ಹೇಳುತ್ತಿದ್ದೆ: ಇದರ ಪ್ರಾಣವಿರುವುದು ಶ್ಲೇಷೆಯಲ್ಲಿ. ಇಲಿ ತನ್ನ ಕಥೆ ಹೇಳಹೊರಟರೆ ಆಲಿಸಳಿಗೆ ಅದರ ಬಾಲ ಕಾಣಿಸುತ್ತದೆ. ಏಕೆಂದರೆ ಇಂಗ್ಲಿಷಿನಲ್ಲಿ ಕಥೆಗೂ ಬಾಲಕ್ಕೂ ಒಂದೇ ಉಚ್ಚಾರಣೆ. ಸಮುದ್ರದ ತಳದ ಶಾಲೆಯಲ್ಲಿ ಪಾಠದ ಅವಧಿ ದಿನದಿನಕ್ಕೆ ಕಡಿಮೆಯಾಗುತ್ತದೆ. ಏಕೆಂದರೆ ಆ ಭಾಷೆಯಲ್ಲಿ ಪಾಠಕ್ಕೂ ಕಡಿಮೆಯಾಗುವುದಕ್ಕೂ ದನಿಯ ನಂಟಿದೆ. ಈ ಮಾತಿನಾಟವನ್ನು ತೆಗೆದುಹಾಕಿದರೆ ಉಳಿಯುವುದೇನು, ಒಂದು ಮೊಲ, ಒಂದು ಬಿಲ, ಒಂದಿಷ್ಟು ಇಸ್ಪೀಟು ಎಲೆ — ಹೀಗೆ ಹೇಳಿ ಹುಡುಗರನ್ನು ನಗಿಸುತ್ತಿದ್ದೆ.

ಹಾಗೆಂದು ಬೇರೊಂದು ಭಾಷೆಗೆ ಅದು ಬರಲೇ ಬಾರದೆಂದಲ್ಲ. ಬಾನುಲಿಗೆ ‘ಆಕಾಶವಾಣಿ’ ಎಂಬ ಹೆಸರನ್ನು ಮೈಸೂರಿನಲ್ಲಿ ಸೂಚಿಸಿದವರೆಂದು ಖ್ಯಾತರಾದ ನಾ. ಕಸ್ತೂರಿಯವರು ಆಲಿಸಳನ್ನು ‘ಪಾತಾಳದಲ್ಲಿ ಪಾಪಚ್ಚಿ’ಯಾಗಿ ಕನ್ನಡಕ್ಕೆ ಕರೆತಂದರು. ಹೆಸರಿನಲ್ಲೇ ನೋಡಿ: ಆಲಿಸ್ ಪಾಪಚ್ಚಿಯಾದಳು, ನೆಲದಡಿಯ ಲೋಕ ಪಾತಾಳವಾಯಿತು, ಪ್ರಾಸವೂ ತಾನಾಗಿ ಒದಗಿತು. ಮಾತಿನಾಟಕ್ಕೆ ಪ್ರತಿಯಾಗಿ ಮಾತಿನಾಟವನ್ನೇ ಹೂಡಬಲ್ಲ ನಗೆಗಾರರ ಕೈಗೆ ಆ ಕೃತಿ ಸಿಕ್ಕಿದ್ದು ನಮ್ಮ ಪುಣ್ಯ. ಆದರೆ ಅಲ್ಲಿಯೂ ಮಾತಿಗೆ ಬದಲಾಗಿ ನಿಂತದ್ದು ಮಾತೇ. ಮಾತೇ ಇಲ್ಲದ ಆಲಿಸಳನ್ನು ನಾನು ಊಹಿಸಿಕೊಂಡಿರಲಿಲ್ಲ. ಮೂಕಿಯ ಕಾಲದಲ್ಲಿ ಈ ಕಥೆ ಚಿತ್ರವಾಗಿತ್ತೆಂದು ತಿಳಿದಾಗ, ನೋಡುವ ಮೊದಲೇ ನನ್ನ ತೀರ್ಪು ಸಿದ್ಧವಾಗಿತ್ತು.

ಈ ಸಾಹಸ ಮಾಡಿದವನು ಸೆಸಿಲ್ ಹೆಪ್‌ವರ್ತ್. 1874ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು. ಅವನ ತಂದೆ ಮಾಯಾದೀಪದ ಪ್ರದರ್ಶನಗಳೊಡನೆ ಉಪನ್ಯಾಸ ನೀಡುತ್ತ ಊರೂರು ತಿರುಗುತ್ತಿದ್ದವರು; ಗಾಜಿನ ಮೇಲಿನ ಚಿತ್ರಗಳನ್ನು ದೀಪದ ಬೆಳಕಿನಿಂದ ಗೋಡೆಯ ಮೇಲೆ ಹಿರಿದಾಗಿ ಮೂಡಿಸುವ ಆ ವಿದ್ಯೆಯೇ ಸಿನಿಮಾದ ಅಜ್ಜ. ಮಗ 1897ರಲ್ಲೇ ಚಲನಚಿತ್ರದ ತಾಂತ್ರಿಕತೆಯನ್ನು ವಿವರಿಸುವ ಪುಸ್ತಕ ಬರೆದ. ಆ ವಿಷಯದ ಮೇಲೆ ಬಂದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಲಂಡನ್ನಿಗೆ ಸಮೀಪದ ವಾಲ್ಟನ್-ಆನ್-ಥೇಮ್ಸ್ ಎಂಬ ಊರಿನಲ್ಲಿ ಒಂದು ಸಣ್ಣ ಮನೆ ಹಿಡಿದು, ಅದರ ಕೋಣೆಗಳನ್ನೇ ಫಿಲ್ಮು ತೊಳೆಯುವ, ಒಣಗಿಸುವ ಕಾರ್ಖಾನೆಯನ್ನಾಗಿ ಮಾಡಿಕೊಂಡ. ಹಿತ್ತಿಲಿನಲ್ಲಿ ಒಂದು ಚಿಕ್ಕ ಮರದ ಅಟ್ಟಣೆ, ಅದೇ ರಂಗ. ಮೇಲಿನ ಸೂರ್ಯನೇ ದೀಪ. ಮೋಡ ಮುಸುಕಿದರೆ ಆ ದಿನದ ಕೆಲಸ ಅಲ್ಲಿಗೇ ನಿಲ್ಲುತ್ತಿತ್ತು.

ಸಿನಿಮಾ ಆಗ ಇನ್ನೂ ಎಂಟು ವರ್ಷದ ಕೂಸು. ಅದಕ್ಕೆಂದೇ ಕಟ್ಟಿದ ಚಿತ್ರಮಂದಿರಗಳಿರಲಿಲ್ಲ. ಸಂತೆ ಜಾತ್ರೆಗಳ ಡೇರೆಗಳಲ್ಲಿ, ಸಂಗೀತಶಾಲೆಗಳಲ್ಲಿ ಹಾಡು, ಕುಣಿತ, ದೊಂಬರಾಟದ ನಡುವೆ ಒಂದೆರಡು ನಿಮಿಷದ ಚಿತ್ರಗಳನ್ನು ತೋರಿಸುತ್ತಿದ್ದರು. ಪ್ರದರ್ಶಕರು ಫಿಲ್ಮನ್ನು ಬಟ್ಟೆಯಂತೆ ಅಡಿಯ ಲೆಕ್ಕದಲ್ಲಿ ಕೊಂಡುಕೊಳ್ಳುತ್ತಿದ್ದರು. ಅಂಥ ಕಾಲದಲ್ಲಿ ಹೆಪ್‌ವರ್ತ್ 800 ಅಡಿಯ ಚಿತ್ರ ತೆಗೆದ. ಆವರೆಗೆ ಇಂಗ್ಲೆಂಡಿನಲ್ಲಿ ಅಷ್ಟು ಉದ್ದದ ಚಿತ್ರ ತಯಾರಾಗಿರಲಿಲ್ಲ. ಒಂದು ಅಡಿ ಫಿಲ್ಮಿನಲ್ಲಿ 16 ಚಿತ್ರಗಳಿರುತ್ತವೆ. ಅಂದಮೇಲೆ ಟೆನಿಯಲ್‌ನ 42 ಚಿತ್ರಗಳು ಇಲ್ಲಿ 12,800 ಚಿತ್ರಗಳಾದವು. ಇಡೀ ಚಿತ್ರವನ್ನು ಕೊಳ್ಳಲಾರದ ಪ್ರದರ್ಶಕರು ಬಿಡಿ ದೃಶ್ಯಗಳನ್ನು ಕೊಳ್ಳುವ ಅವಕಾಶವೂ ಇತ್ತು. ನೋಡುವವರಿಗೆ ಕಥೆ ಮೊದಲೇ ಗೊತ್ತಿದೆ ಎಂಬ ಭರವಸೆಯ ಮೇಲೆ ನಿಂತ ವ್ಯಾಪಾರ ಅದು. ನಮ್ಮ ಬಯಲಾಟದಲ್ಲಿ ಒಂದು ಪ್ರಸಂಗವನ್ನಷ್ಟೇ ಆಡಿದರೂ ಜನ ಇಡೀ ಭಾರತವನ್ನು ಮನಸ್ಸಿನಲ್ಲಿ ತುಂಬಿಕೊಳ್ಳುವುದಿಲ್ಲವೆ, ಹಾಗೆ.

ನಟವರ್ಗವೆಂದರೆ ಮನೆಯವರು ಮತ್ತು ಕೆಲಸದವರು. ಹೆಪ್‌ವರ್ತನ ಕಂಪನಿಯಲ್ಲೇ ನಾನಾ ಕೆಲಸಗಳನ್ನು ಮಾಡಿಕೊಂಡಿದ್ದ ಮೇ ಕ್ಲಾರ್ಕ್ ಎಂಬ ತರುಣಿ ಆಲಿಸ್ ಆದಳು. ಹೆಪ್‌ವರ್ತನ ಹೆಂಡತಿ ರಾಣಿಯಾದಳು. ಬಿಳಿಮೊಲದ ವೇಷವನ್ನೂ ಅವಳೇ ತೊಟ್ಟಳು. ಅವನೇ ಕಪ್ಪೆಯ ಮುಖವಾಡ ಹಾಕಿ ದ್ವಾರಪಾಲಕನಾದ. ಮನೆಯ ಬೆಕ್ಕು ಚೆಷೈರ್ ಬೆಕ್ಕಾಯಿತು. ಮನೆಯ ನಾಯಿ ಬ್ಲೇರ್ ಕೂಡ ಒಂದು ದೃಶ್ಯದಲ್ಲಿ ಬಂದುಹೋಗುತ್ತದೆ. ಎರಡು ವರ್ಷದ ಮೇಲೆ, 1905ರಲ್ಲಿ, ಇದೇ ನಾಯಿ ‘ರೆಸ್ಕ್ಯೂಡ್ ಬೈ ರೋವರ್’ ಎಂಬ ಚಿತ್ರದ ನಾಯಕನಾಗಿ ಮೆರೆಯಿತು. ಆ ಚಿತ್ರಕ್ಕೆ ಎಂಥ ಬೇಡಿಕೆ ಬಂತೆಂದರೆ, ಪ್ರತಿ ತೆಗೆದು ತೆಗೆದು ಮೂಲ ನೆಗೆಟಿವ್ ಸವೆದುಹೋಗಿ, ಇಡೀ ಚಿತ್ರವನ್ನು ಮತ್ತೆರಡು ಬಾರಿ ಹೊಸದಾಗಿ ತೆಗೆಯಬೇಕಾಯಿತು. ಹೆಪ್‌ವರ್ತನೊಡನೆ ಆಲಿಸಳ ಚಿತ್ರವನ್ನು ನಿರ್ದೇಶಿಸಿದವನು ಪರ್ಸಿ ಸ್ಟೋ. ಕ್ಯಾಮೆರಾದ ಕಣ್ಕಟ್ಟಿನಲ್ಲಿ ಪಳಗಿದ ಕೈ.

ಈ ಗುಂಪು ತನಗೊಂದು ವ್ರತವನ್ನು ಹಾಕಿಕೊಂಡಿತ್ತು. ಎಷ್ಟು ಸಾಧ್ಯವೋ ಅಷ್ಟು ಟೆನಿಯಲ್‌ನ ಚಿತ್ರಗಳಂತೆಯೇ ಎಲ್ಲವೂ ಇರಬೇಕು: ಮೊಲದ ಅಂಗಿ, ಡಚೆಸ್ಸಳ ಶಿರೋವೇಷ, ಚಹಾಕೂಟದ ಮೇಜು, ಇಸ್ಪೀಟು ಎಲೆಗಳ ಮೆರವಣಿಗೆ. ಇಂಗ್ಲೆಂಡಿನ ಪ್ರತಿಯೊಂದು ಓದುವ ಮನೆಯಲ್ಲಿಯೂ ಆ ಚಿತ್ರಗಳು ಕಣ್ಣಿಗೆ ಕಟ್ಟಿಹೋಗಿದ್ದವು. ಆ ಹೊತ್ತಿಗೆ ಕ್ಯಾರಲ್ ತೀರಿಕೊಂಡು ಐದು ವರ್ಷವಾಗಿತ್ತು. ಆದರೆ ಟೆನಿಯಲ್ ಇನ್ನೂ ಬದುಕಿದ್ದ. ದೋಣಿಯಲ್ಲಿ ಕಥೆ ಕೇಳಿದ ಆಲಿಸ್ ಲಿಡೆಲ್ ಐವತ್ತು ದಾಟಿದ ಗೃಹಿಣಿಯಾಗಿ ಹ್ಯಾಂಪ್‌ಷೈರಿನಲ್ಲಿದ್ದಳು. ಕೃತಿಯೊಂದು ತನ್ನ ಮೊದಲ ಸಾಕ್ಷಿಗಳು ಬದುಕಿರುವಾಗಲೇ ಹೊಸ ಮಾಧ್ಯಮಕ್ಕೆ ಹೊರಳಿದ ಗಳಿಗೆ ಅದು.

ಈಗ ನನ್ನ ತೀರ್ಪಿನ ಗತಿ ಏನಾಯಿತೆಂದು ಹೇಳಬೇಕು. ಈ ಚಿತ್ರವನ್ನು ನಾನು ನೋಡಿದ್ದು ಮನೆಯಲ್ಲಿ, ಕಂಪ್ಯೂಟರಿನ ಪರದೆಯ ಮೇಲೆ, ಆರು ವರ್ಷದ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅವಳಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಕ್ಯಾರಲ್ ಯಾರೆಂದು ಗೊತ್ತಿಲ್ಲ. ಪರದೆಯ ತುಂಬ ಕಲೆಗಳು, ಗೀರುಗಳು. ಗೆದ್ದಲು ಹಿಡಿದ ತಾಳೆಗರಿಯನ್ನು ಬೆಳಕಿಗೆ ಹಿಡಿದಂತೆ ಅಲ್ಲಲ್ಲಿ ಚಿತ್ರವೇ ಕರಗಿಹೋಗಿ ಬರಿಯ ಬಿಳುಪು ಉರಿಯುತ್ತದೆ. ಅದರ ಹಿಂದಿನಿಂದ ತೋಟದಲ್ಲಿ ಮಲಗಿದ ಹುಡುಗಿಯೊಬ್ಬಳು ಕಾಣುತ್ತಾಳೆ. ಮೊಲ ಓಡುತ್ತದೆ, ಅವಳು ಹಿಂಬಾಲಿಸುತ್ತಾಳೆ. ಬಾಗಿಲುಗಳೇ ತುಂಬಿದ ಹಜಾರದಲ್ಲಿ ಸೀಸೆಯೊಳಗಿನದನ್ನು ಕುಡಿಯುತ್ತಾಳೆ, ನೋಡನೋಡುತ್ತಿದ್ದಂತೆ ಕುಗ್ಗುತ್ತಾಳೆ. ಏನನ್ನೋ ತಿನ್ನುತ್ತಾಳೆ, ಬೆಳೆಯುತ್ತಾಳೆ. ಆಮೇಲೆ ಮೊಲದ ಮನೆಯೊಳಗೆ ಮೈ ಬೆಳೆದು ಸಿಕ್ಕಿಹಾಕಿಕೊಂಡು, ಕೈಯನ್ನು ಕಿಟಕಿಯಿಂದ ಆಚೆಗೆ ಚಾಚುತ್ತಾಳೆ.

ಅಲ್ಲಿ ಮೊಮ್ಮಗಳು ಕೇಳಿದಳು: “ತಾತ, ಅವಳು ದೊಡ್ಡೋಳಾದ್ಲಾ, ಇಲ್ಲ ಮನೆ ಚಿಕ್ಕದಾಯ್ತಾ?”

ಮೂವತ್ತು ವರ್ಷ ಪಾಠ ಹೇಳಿದ ನಾನು ಒಂದು ಕ್ಷಣ ತಬ್ಬಿಬ್ಬಾದೆ. ನಿಜವಾಗಿ ನೋಡಿದರೆ ಚಿತ್ರ ತೆಗೆದವರು ಮಾಡಿದ್ದು ಅದನ್ನೇ. ಹುಡುಗಿಯನ್ನು ಬೆಳೆಸುವುದು ಯಾರ ಕೈಯಲ್ಲೂ ಆಗದು. ಅವಳ ಸುತ್ತ ಮನೆಯನ್ನು ಚಿಕ್ಕದಾಗಿ ಕಟ್ಟಬಹುದು. ಕ್ಯಾಮೆರಾ ನಿಲ್ಲಿಸಿ, ಸುತ್ತಲಿನ ವಸ್ತುಗಳ ಅಳತೆ ಬದಲಾಯಿಸಿ, ಮತ್ತೆ ಹಿಡಿ ತಿರುಗಿಸುವುದು. ಒಮ್ಮೆ ಬೆಳಕು ಕಂಡ ಫಿಲ್ಮನ್ನೇ ಹಿಂದಕ್ಕೆ ಸುತ್ತಿ ಅದರ ಮೇಲೆ ಇನ್ನೊಂದು ಚಿತ್ರವನ್ನು ಮೂಡಿಸುವುದು — ಆ ಕಾಲದ ಕಣ್ಕಟ್ಟಿನ ಉಪಕರಣಗಳು ಇಷ್ಟೇ. ಮಗುವಿನ ಪ್ರಶ್ನೆ ತಂತ್ರದ ಮರ್ಮವನ್ನು ಮುಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ ಪುಸ್ತಕದ ಮರ್ಮವನ್ನೂ ಮುಟ್ಟಿತ್ತು.

ಏಕೆಂದರೆ ಕ್ಯಾರಲ್‌ನ ಕಥೆಯಲ್ಲಿ ಶ್ಲೇಷೆಗಿಂತ ಕೆಳಗೆ, ಇನ್ನೂ ಹಳೆಯದಾದ ಒಂದು ಪದರವಿದೆ. ಅಳತೆ ತಪ್ಪುವ ಭಯ ಅದು. ನಿನ್ನೆ ಎಟುಕದಿದ್ದ ಗೂಡು ಇಂದು ಎಟುಕುತ್ತದೆ. ನಿನ್ನೆ ನುಸುಳುತ್ತಿದ್ದ ಸಂದಿಯಲ್ಲಿ ಇಂದು ಮೈ ಹಿಡಿಸುವುದಿಲ್ಲ. “ಇಷ್ಟು ದೊಡ್ಡವಳಾಗಿ ಅಳುತ್ತೀಯಾ” ಎಂದು ಬೆಳಗ್ಗೆ ಗದರಿಸಿದವರೇ “ಚಿಕ್ಕವಳು, ಸುಮ್ಮನಿರು” ಎಂದು ಸಂಜೆ ಬಾಯಿ ಮುಚ್ಚಿಸುತ್ತಾರೆ. ತಾನು ದೊಡ್ಡವಳೋ ಚಿಕ್ಕವಳೋ ಎಂಬ ಪ್ರಶ್ನೆಗೆ ಮಗುವಿಗೆ ಉತ್ತರವಿಲ್ಲ. ಆಲಿಸ್ ತನ್ನ ಪಯಣದ ಉದ್ದಕ್ಕೂ ಹುಡುಕುವುದು ತನ್ನ ಸರಿಯಾದ ಅಳತೆಯನ್ನು. ಕಾದಂಬರಿಯಲ್ಲಿ ನಾವು ಅದನ್ನು ಓದಿ ಒಪ್ಪಿಕೊಳ್ಳುತ್ತೇವೆ. ಮೂಕಿ ಚಿತ್ರದಲ್ಲಿ ಅದು ಕಣ್ಣೆದುರಿಗೆ ನಡೆಯುತ್ತದೆ, ಒಂದು ಮಾತಿನ ವಿವರಣೆಯೂ ಇಲ್ಲದೆ. ಮಾತನ್ನು ಕಳೆದುಕೊಂಡ ಆಲಿಸ್ ಮೈಯನ್ನು ಉಳಿಸಿಕೊಂಡಿದ್ದಳು. ನನ್ನ ಪಾಠದಲ್ಲಿ ಬಿಟ್ಟುಹೋಗಿದ್ದದ್ದು ಅದೇ.

ಹಾಗೆಂದು ಚಿತ್ರ ಎಲ್ಲ ಕಡೆಯೂ ಗೆದ್ದಿದೆಯೆಂದು ಹೇಳಲಾರೆ. ಚಹಾಕೂಟದ ದೃಶ್ಯವನ್ನೇ ನೋಡಿ. ಪುಸ್ತಕದಲ್ಲಿ ಅದು ಉತ್ತರವಿಲ್ಲದ ಒಗಟುಗಳ, ಅಡ್ಡಾದಿಡ್ಡಿ ತರ್ಕದ ಹಬ್ಬ. ಇಲ್ಲಿ ಟೋಪಿಯವನೂ ಮೊಲವೂ ಆಲಿಸಳೂ ಸುಮ್ಮನೆ ಕೈಯಾಡಿಸುತ್ತಾರೆ. ಯಾರದೋ ಮನೆಯ ಜಗಳವನ್ನು ಮುಚ್ಚಿದ ಕಿಟಕಿಯ ಆಚೆಯಿಂದ ನೋಡಿದಂತಾಗುತ್ತದೆ. ಚೆಷೈರ್ ಬೆಕ್ಕಂತೂ ನಗುವುದೇ ಇಲ್ಲ. ಪೊದೆಯ ನಡುವೆ ಮೂಡಿ, ಕುಳಿತು, ಬೆಕ್ಕುಗಳಿಗೆ ಸಹಜವಾದ ಉದಾಸೀನದಿಂದ ನೋಡುತ್ತದೆ. ಪುಸ್ತಕದಲ್ಲಿ ಬೆಕ್ಕು ಹೋಗಿ ನಗು ಉಳಿದರೆ, ಇಲ್ಲಿ ಬೆಕ್ಕು ಉಳಿದು ನಗು ಹೋಗಿದೆ. ಆದರೆ ಇಸ್ಪೀಟು ಎಲೆಗಳ ಮೆರವಣಿಗೆ ಬಂದಾಗ ಮತ್ತೆ ಚಿತ್ರಕ್ಕೆ ಉಸಿರು ಬರುತ್ತದೆ. ಎಲೆಗಳ ವೇಷ ತೊಟ್ಟ ಮಕ್ಕಳ ಸಾಲು ತೋಟದ ದಾರಿಯಲ್ಲಿ ನಡೆದುಬರುತ್ತದೆ. ಕೊನೆಗೆ ಅವರೆಲ್ಲ ಆಲಿಸಳನ್ನು ಅಟ್ಟಿಸಿಕೊಂಡು ಹೋಗುವಾಗ ನನ್ನ ಮೊಮ್ಮಗಳು ಕುರ್ಚಿಯ ಮೇಲೆ ಎದ್ದು ನಿಂತಿದ್ದಳು. ಆ ಮಕ್ಕಳಲ್ಲಿ ಒಬ್ಬರೂ ಈಗ ಬದುಕಿರಲಾರರು. ಆದರೂ ಎಂಥ ಉತ್ಸಾಹದಿಂದ ಓಡುತ್ತಾರೆ!

ಮುಂದೆ ಅಮೆರಿಕದಲ್ಲಿ 1910ರಲ್ಲಿಯೂ 1915ರಲ್ಲಿಯೂ ಇದೇ ಕಥೆಯ ಮೂಕಿ ಚಿತ್ರಗಳು ಬಂದವು. 1931ರಲ್ಲಿ ಆಲಿಸಳಿಗೆ ತೆರೆಯ ಮೇಲೆ ದನಿಯೂ ಬಂತು. ಮೊದಲ ಚಿತ್ರವನ್ನು ತೆಗೆದವನ ಬದುಕು ಮಾತ್ರ ಬೇರೆ ದಾರಿ ಹಿಡಿಯಿತು. ಮೊದಲನೆಯ ಮಹಾಯುದ್ಧದ ನಂತರ ಹೆಪ್‌ವರ್ತ್ ಸಂಸ್ಥೆಯನ್ನು ದೊಡ್ಡದಾಗಿ ಬೆಳೆಸಹೊರಟ. ಬೇಕಾದಷ್ಟು ಬಂಡವಾಳ ಕೂಡಿಬರಲಿಲ್ಲ. ಅಮೆರಿಕದ ಚಿತ್ರಗಳ ಪ್ರವಾಹದೆದುರು ಅವನ ಚಿತ್ರಗಳು ಹಳತಾಗಿ ಕಂಡವು. 1924ರಲ್ಲಿ ದಿವಾಳಿಯಾಯಿತು. ಆಸ್ತಿಯ ವಿಲೇವಾರಿಗೆ ನೇಮಕವಾದ ಅಧಿಕಾರಿಯ ಕಣ್ಣಿಗೆ ಇಪ್ಪತ್ತೈದು ವರ್ಷಗಳ ನೆಗೆಟಿವ್‌ಗಳ ರಾಶಿ ಬಿದ್ದಿತು. ಫಿಲ್ಮಿನ ಲೇಪದಲ್ಲಿ ಬೆಳ್ಳಿಯಿರುತ್ತದೆ. ಕರಗಿಸಿದರೆ ಅಷ್ಟಿಷ್ಟು ಹಣ ಬರುತ್ತದೆ. ಕರಗಿಸಿದರು.

ಬೆಳ್ಳಿತೆರೆಯ ಬೆಳ್ಳಿಯೆಂದು ಮೊದಲಿಗೆ ಹೇಳಿದೆನಲ್ಲ, ಅದು ಇದು. ಚಿತ್ರವನ್ನು ಮೂಡಿಸಿದ ಲೋಹವೇ ಚಿತ್ರಕ್ಕೆ ಮೃತ್ಯುವಾಯಿತು. ಹೆಪ್‌ವರ್ತ್ ಆಮೇಲೆ ಬೇರೆಯವರ ಚಿತ್ರಗಳಿಗೆ ಜಾಹೀರಾತು ತುಣುಕುಗಳನ್ನು ತಯಾರಿಸುತ್ತ ಹೊಟ್ಟೆ ಹೊರೆದುಕೊಂಡ. 1951ರಲ್ಲಿ ಆತ್ಮಕಥೆ ಪ್ರಕಟಿಸಿದ, 1953ರಲ್ಲಿ ತೀರಿಕೊಂಡ.

ಇದಕ್ಕೆ ಎದುರಾಗಿ ಇನ್ನೊಂದು ಘಟನೆಯನ್ನು ಇಟ್ಟುನೋಡಿ. ನೆಗೆಟಿವ್‌ಗಳು ಕರಗಿದ ನಾಲ್ಕೇ ವರ್ಷಕ್ಕೆ, 1928ರಲ್ಲಿ, ಆಲಿಸ್ ಲಿಡೆಲ್ ತನ್ನಲ್ಲಿದ್ದ ಹಸ್ತಪ್ರತಿಯನ್ನು ಲಂಡನ್ನಿನ ಸದಬೀಸ್ ಹರಾಜಿನಲ್ಲಿ ಮಾರಿದಳು. ಮಹಾಯುದ್ಧ ಇಬ್ಬರು ಗಂಡುಮಕ್ಕಳನ್ನು ನುಂಗಿತ್ತು. 1926ರಲ್ಲಿ ಗಂಡನೂ ತೀರಿಕೊಂಡು, ದೊಡ್ಡ ಮನೆಯನ್ನು ಸಾಗಿಸುವುದು ಕಷ್ಟವಾಗಿತ್ತು. ದೋಣಿಯ ಕಥೆಯ ಆ ಪುಸ್ತಕಕ್ಕೆ 15,400 ಪೌಂಡು ಬಂದಿತು. ಅದು ಅಮೆರಿಕಕ್ಕೆ ಹೋಯಿತು. 1948ರಲ್ಲಿ ಅಲ್ಲಿನ ಅಭಿಮಾನಿಗಳು ಹಣ ಕೂಡಿಸಿ ಕೊಂಡು, ಅದನ್ನು ಬ್ರಿಟಿಷ್ ಜನತೆಗೆ ಉಡುಗೊರೆಯಾಗಿ ಹಿಂದಿರುಗಿಸಿದರು. ಒಂದೇ ಕಥೆ, ಒಂದೇ ದೇಶ, ನಾಲ್ಕು ವರ್ಷಗಳ ಅಂತರ. ಕೈಬರಹದ ಆಲಿಸಳಿಗೆ ರಾಜಮರ್ಯಾದೆ. ಫಿಲ್ಮಿನ ಆಲಿಸಳಿಗೆ ಅಕ್ಕಸಾಲೆಯ ಮೂಸೆ.

ಆ ಅಧಿಕಾರಿಯನ್ನು ಬೈಯುವುದು ಸುಲಭ. ಅವನಿಗೆ ಕಂಡದ್ದು ಹಳೆಯ ಸರಕು. ಅಂದಿನ ದೃಷ್ಟಿಯಲ್ಲಿ ಸಿನಿಮಾ ಸಾಹಿತ್ಯವಲ್ಲ, ಕಲೆಯೂ ಅಲ್ಲ, ಜಾತ್ರೆಯ ಮೋಜು. ಮೋಜು ಮುಗಿದ ಮೇಲೆ ಅದರ ತೂಕವೇ ಅದರ ಬೆಲೆ. ಆದರೆ ಬೈಯಲು ಬಾಯಿ ತೆರೆದಾಗ ನನಗೆ ನನ್ನ ಮನೆಯದೇ ಒಂದು ಸಂಗತಿ ನೆನಪಾಗಿ ನಾಲಿಗೆ ತಡೆಯಿತು. ನಮ್ಮ ತಾಯಿಯವರಿಗೆ ಹಾಡಿನ ಪುಸ್ತಕವೊಂದಿತ್ತು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ತೊಟ್ಟಿಲ ಹಾಡು. ತಮ್ಮ ಅತ್ತೆಯಿಂದಲೂ ಅಕ್ಕಪಕ್ಕದವರಿಂದಲೂ ಕೇಳಿ, ಮಗ್ಗಿ ಪುಸ್ತಕದಂಥ ಒಂದು ನೋಟುಬುಕ್ಕಿನಲ್ಲಿ ವಕ್ರವಾದ ಅಕ್ಷರಗಳಲ್ಲಿ ಬರೆದಿಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಮನೆ ಬದಲಾಯಿಸುವಾಗ ನಾನೇ ನಿಂತು ಹಳೆಯ ಕಾಗದವನ್ನೆಲ್ಲ ತೂಕಕ್ಕೆ ಹಾಕಿಸಿದೆ. ನನ್ನ ಎಂ.ಎ. ತರಗತಿಯ ಟಿಪ್ಪಣಿಗಳನ್ನು ಜೋಪಾನವಾಗಿ ಕಟ್ಟಿಟ್ಟುಕೊಂಡೆ. ಅದರಲ್ಲಿ ಲೂಯಿಸ್ ಕ್ಯಾರಲ್‌ನ ಶ್ಲೇಷೆಗಳ ಪಟ್ಟಿಯೂ ಇತ್ತು. ಆ ಹಾಡಿನ ಪುಸ್ತಕ ತಕ್ಕಡಿಗೆ ಹೋಯಿತು. ಸಾಹಿತ್ಯ ಯಾವುದು, ರದ್ದಿ ಯಾವುದೆಂದು ತೀರ್ಮಾನಿಸಿದವನು ಸಾಹಿತ್ಯದ ಅಧ್ಯಾಪಕ. 1924ರ ಆ ಅಧಿಕಾರಿಗೆ ನಾನು ಯಾವ ಮುಖವಿಟ್ಟುಕೊಂಡು ಬುದ್ಧಿ ಹೇಳಲಿ?

ಸಿನಿಮಾದ ವಿಷಯದಲ್ಲಂತೂ ಈ ನಷ್ಟ ಒಂದು ದೇಶದ್ದಲ್ಲ. ಹಳೆಯ ಫಿಲ್ಮಿನ ನೈಟ್ರೇಟ್ ಪಟ್ಟಿ ಬೆಂಕಿಗೆ ತುತ್ತಾಗುವಂಥದು. ಬೆಂಕಿ ಬೀಳದಿದ್ದರೂ ವರ್ಷಗಳು ಕಳೆದಂತೆ ತಾನೇ ಕೊಳೆತು ಪುಡಿಯಾಗುವಂಥದು. ಅಮೆರಿಕದ ಕಥಾಚಿತ್ರಗಳಲ್ಲಿ ಮೂಕಿಯುಗದವು ನೂರಕ್ಕೆ ಎಪ್ಪತ್ತರಷ್ಟು ಶಾಶ್ವತವಾಗಿ ಕಳೆದುಹೋಗಿವೆಯೆಂದು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಭಾರತದ ಮೂಕಿ ಚಿತ್ರಗಳಲ್ಲಿ ಉಳಿದಿರುವುದು ಅತ್ಯಲ್ಪ ಭಾಗ. ಮಾತು ಬಂದ ಮೇಲಾದರೂ ನಾವು ಎಚ್ಚೆತ್ತೆವೇ ಎಂದರೆ, ಅದೂ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರವೆಂದು ನಾವು ಹೆಮ್ಮೆಯಿಂದ ಹೆಸರಿಸುವ 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಲಭ್ಯವಿಲ್ಲ. ಕನ್ನಡ ಸಿನಿಮಾ ಆಡಿದ ಮೊದಲ ಮಾತನ್ನು ಇಂದು ಕೇಳುವ ದಾರಿಯಿಲ್ಲ.

ಇಷ್ಟೆಲ್ಲ ಹಾಳಾದ ಮೇಲೂ ಹೆಪ್‌ವರ್ತನ ಆಲಿಸ್ ನನ್ನ ಮನೆಯವರೆಗೆ ಬಂದದ್ದು ಹೇಗೆ? ನೆಗೆಟಿವ್ ಹೋಗಿದ್ದರೂ ಹಿಂದೊಮ್ಮೆ ಮಾರಾಟವಾಗಿದ್ದ ಪ್ರತಿಗಳಲ್ಲಿ ಒಂದೇ ಒಂದು ಹೇಗೋ ಉಳಿದುಕೊಂಡಿತ್ತು. ಅದು ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟಿನ ಭಂಡಾರವನ್ನು ಸೇರಿತು. ಅಲ್ಲಿಯ ತಜ್ಞರು ಚೌಕಟ್ಟು ಚೌಕಟ್ಟಾಗಿ ಅದನ್ನು ಸರಿಪಡಿಸಿ, ಆ ಕಾಲದಲ್ಲಿ ದೃಶ್ಯಗಳಿಗೆ ಹಾಕುತ್ತಿದ್ದ ಬಣ್ಣದ ಲೇಪವನ್ನೂ ಮರಳಿ ತಂದು, 2010ರಲ್ಲಿ ಲೋಕದ ಮುಂದಿಟ್ಟರು. ಹನ್ನೆರಡು ನಿಮಿಷಗಳಲ್ಲಿ ಸಿಕ್ಕಿದ್ದು ಎಂಟು ನಿಮಿಷಗಳ ಮೇಲೆ ಸ್ವಲ್ಪ. ಸಿಗದಿದ್ದುದನ್ನು ಅವರು ಹೊಸದಾಗಿ ಹೊಸೆದು ಸೇರಿಸಲಿಲ್ಲ. ಕಲೆಗಳನ್ನೆಲ್ಲ ಒರೆಸಿ ಹೊಚ್ಚಹೊಸದೆಂದು ನಂಬಿಸಲೂ ಹೋಗಲಿಲ್ಲ. ಉಳಿದದ್ದನ್ನು ಉಳಿದಂತೆಯೇ ತೋರಿಸಿದ್ದಾರೆ. ಅವರ ಆ ಸಂಯಮವನ್ನು ನಾನು ವಿದ್ವತ್ತೆಂದು ಕರೆಯುತ್ತೇನೆ. ನಮ್ಮ ಹಳಗನ್ನಡ ಗ್ರಂಥಗಳ ಸಂಪಾದಕರೂ ಓಲೆ ಮುರಿದ ಕಡೆ ಚುಕ್ಕೆಗಳನ್ನಿಟ್ಟು ಮುಂದೆ ಸಾಗಿದರೇ ಹೊರತು ತಮ್ಮ ಪದ್ಯ ಬರೆದು ತುಂಬಲಿಲ್ಲ.

ಚಿತ್ರ ಮುಗಿದ ಮೇಲೆ ಮೊಮ್ಮಗಳು ಇನ್ನೊಮ್ಮೆ ಹಾಕೆಂದಳು, ಹಾಕಿದೆ. ಮಾರನೆಯ ವಾರ ನಾನು ಊರಿಗೆ ಹೋಗಿ, ಎಂಬತ್ತು ದಾಟಿದ ನಮ್ಮ ಅಕ್ಕನ ಮುಂದೆ ಒಂದು ಹೊಸ ನೋಟುಬುಕ್ಕು ಹಿಡಿದು ಕುಳಿತೆ. ಅಮ್ಮನ ಹಾಡುಗಳಲ್ಲಿ ಎಷ್ಟು ನೆನಪಿದೆಯೋ ಅಷ್ಟನ್ನು ಹೇಳೆಂದೆ. “ಈಗ ಕೇಳ್ತೀಯಲ್ಲೋ, ಆಗ ಎಲ್ಲಿ ಹೋಗಿತ್ತು ಬುದ್ಧಿ?” ಎಂದು ಮೊದಲು ಬೈದಳು. ಬೈಗುಳಕ್ಕೆ ನಾನು ಅರ್ಹನೇ. ಆಮೇಲೆ ಕಣ್ಣು ಮುಚ್ಚಿ, ತೊಡೆಯ ಮೇಲೆ ಕೈಯಿಂದ ತಾಳ ಹಾಕುತ್ತ ಒಂದೊಂದನ್ನೇ ನೆನೆದಳು. ಮೂರು ದಿನಗಳಲ್ಲಿ ಹನ್ನೊಂದು ಹಾಡುಗಳಾದವು. ಕೆಲವು ಪೂರ್ತಿ, ಕೆಲವು ಅರ್ಧ. ಒಂದು ಹಸೆಹಾಡಿನ ನಡುವೆ ಆರು ಸಾಲು ಎಷ್ಟು ಹೊತ್ತು ಕಾದರೂ ಅವಳ ನೆನಪಿಗೆ ಬರಲಿಲ್ಲ. ಆ ಪುಟದಲ್ಲಿ ಆರು ಸಾಲಿನ ಜಾಗವನ್ನು ಹಾಗೆಯೇ ಖಾಲಿ ಬಿಟ್ಟಿದ್ದೇನೆ.

(ಬಾನುಲಿ ಭಾಷಣ)